ಟೋಕಿಯೊ, ಕನಾಜಾವಾ, ಕ್ಯೋಟೊ, ಹಿರೋಶಿಮಾ ರೈಲಲ್ಲೇ: ಜೆಆರ್ ಪಾಸ್ ಬೇಕಾ, ಬೇಡವಾ?

ತಿರುಗಾಟ
ನವೆಂಬರ್ ಮೊದಲ ವಾರ ನಾಲ್ಕು ಜನ ಹೊರಟಿದ್ದೇವೆ, ಅದರಲ್ಲಿ ಇಬ್ಬರು ಹಿರಿಯರು. ಬೆಂಗಳೂರಿನಿಂದ ಟೋಕಿಯೊದ ನರಿಟಾ ಏರ್‌ಪೋರ್ಟಿಗೆ, ವಾಪಸ್ ಒಸಾಕಾದ ಕನ್ಸಾಯ್ ಏರ್‌ಪೋರ್ಟಿನಿಂದ. ಟೋಕಿಯೊ 3 ರಾತ್ರಿ, ಕನಾಜಾವಾ 2, ಕ್ಯೋಟೊ 4, ಒಸಾಕಾ 1. ಹಿರೋಶಿಮಾ, ಮಿಯಾಜಿಮಾ ದ್ವೀಪ ಎರಡನ್ನೂ ಕ್ಯೋಟೊದಿಂದ ಒಂದೇ ದಿನದಲ್ಲಿ ನೋಡಿ ಬರುವ ಯೋಚನೆ. ಏಜೆಂಟ್ 7 ದಿನದ ಜೆಆರ್ ಪಾಸ್ (ಜಪಾನಿನಾದ್ಯಂತ ಜೆಆರ್ ರೈಲುಗಳಲ್ಲಿ ಓಡಾಡುವ ಪಾಸ್) ತಗೊಳ್ಳಿ ಅಂತಿದ್ದಾರೆ. ನಿಜಕ್ಕೂ ಲಾಭ ಇದೆಯಾ?

ಹಳಿಯ ಹಾದಿ
ಇಲ್ಲ ಸರ್, ಬೇಡ. 2023ರ ಅಕ್ಟೋಬರ್‌ನಲ್ಲಿ ಆ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. "ಮೊದಲು ಪಾಸ್, ಆಮೇಲೆ ಪ್ಲ್ಯಾನ್" ಅನ್ನುವ ಹಳೇ ಸಲಹೆ ಅಲ್ಲಿಗೇ ಮುಗಿಯಿತು. ಟೋಕಿಯೊದಿಂದ ಹಿರೋಶಿಮಾವರೆಗೆ ಹೋಗಿ ಮತ್ತೆ ಟೋಕಿಯೊಗೇ ಮರಳುವವರಿಗೂ ಬಿಡಿ ಟಿಕೆಟ್ಟಿನ ಖರ್ಚು ಸುಮಾರು 40,000 ಯೆನ್‌ನಲ್ಲೇ ನಿಲ್ಲುತ್ತದೆ. ಅದರ ಮೇಲೆ ನೊಜೊಮಿ ಎಂಬ ಅತಿ ವೇಗದ ರೈಲು ಹತ್ತಿದರೆ ಪಾಸ್ ಇದ್ದವರೂ ಹೆಚ್ಚುವರಿ ಕಟ್ಟಬೇಕು. ನೀವು ಒಂದೂರಿಗೆ ಇಳಿದು ಇನ್ನೊಂದೂರಿನಿಂದ ಹಾರುವವರು. ವಾಪಸ್ ಪ್ರಯಾಣವೇ ಇಲ್ಲದ ಮೇಲೆ ಪಾಸ್ ಬರೀ ನಷ್ಟ.

ನಿಮಗೆ ಸರಿಹೊಂದುವುದು ಜೆಆರ್ ವೆಸ್ಟ್‌ನವರ ಕನ್ಸಾಯ್-ಹಿರೋಶಿಮಾ ಏರಿಯಾ ಪಾಸ್. ಸತತ 5 ದಿನಕ್ಕೆ 17,000 ಯೆನ್ (ಕೊಳ್ಳುವ ಮುಂಚೆ ಅವರ ಸೈಟಿನಲ್ಲಿ ಈಗಿನ ಬೆಲೆ ನೋಡಿ). ಕ್ಯೋಟೊ-ಹಿರೋಶಿಮಾ ಹೋಗಿಬರುವುದಕ್ಕೇ ಬಿಡಿ ಟಿಕೆಟ್ಟಿನಲ್ಲಿ ಸುಮಾರು 23,000 ಆಗುತ್ತದೆ. ಮಿಯಾಜಿಮಾದ ಜೆಆರ್ ದೋಣಿ, ಏರ್‌ಪೋರ್ಟಿಗೆ ಹೋಗುವ ಹರುಕಾ ರೈಲು ಎರಡೂ ಈ ಪಾಸಿನಲ್ಲಿ ಸೇರಿವೆ. ದ್ವೀಪಕ್ಕೆ ಹೋಗುವವರಿಂದ ತಲಾ 100 ಯೆನ್ ತೆರಿಗೆ ಬೇರೆ ತೆಗೆದುಕೊಳ್ಳುತ್ತಾರೆ. ಹಿರೋಶಿಮಾಗೆ ಹೋಗುವ ದಿನವೇ ಪಾಸ್ ಶುರು ಮಾಡಿ. ಕ್ಯೋಟೊ ತಲುಪಿದ ಮರುದಿನ ಹೋದರೆ ಐದನೇ ದಿನಕ್ಕೆ ಹರುಕಾ ಸರಿಯಾಗಿ ಸಿಗುತ್ತದೆ.

ಎಲ್ಲರೂ ಎಡವುವುದು ಒಂದೇ ಕಡೆ. ಕ್ಯೋಟೊ-ಶಿನ್‌ಒಸಾಕಾ ನಡುವಿನ ಶಿಂಕಾನ್ಸೆನ್ (ಬುಲೆಟ್ ರೈಲು) ಬೇರೆ ಕಂಪನಿಯದು, ಅಲ್ಲಿ ಈ ಪಾಸ್ ನಡೆಯುವುದಿಲ್ಲ. ಕ್ಯೋಟೊದಿಂದ ಶಿಂಕೈಸೊಕು ಅನ್ನುವ ಮಾಮೂಲಿ ವೇಗದ ರೈಲು ಹಿಡಿದು ಅರ್ಧ ಗಂಟೆಯೊಳಗೆ ಶಿನ್‌ಒಸಾಕಾದಲ್ಲಿ ಇಳಿದು, ಅಲ್ಲಿಂದ ಶಿಂಕಾನ್ಸೆನ್ ಹತ್ತಿ. ನೊಜೊಮಿಗಿಂತ ಸಾಕುರಾ ಎಂಬ ಶಿಂಕಾನ್ಸೆನ್ ವಾಸಿ: ರಿಸರ್ವ್ಡ್ ಬೋಗಿಗಳಲ್ಲಿ ಸಾಲಿಗೆ 2+2 ಸೀಟು, ಹಿರಿಯರಿಗೆ ಅಗಲವಾಗಿರುತ್ತದೆ.

ನೀಲಿ ಟಿಕೆಟ್
ಮೇಲಿನ ಲೆಕ್ಕ ಸರಿಯಾಗಿದೆ. ಟೋಕಿಯೊ-ಕನಾಜಾವಾ-ಕ್ಯೋಟೊ ಭಾಗದ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ.

ಜಪಾನಿನಲ್ಲಿ ಶಿಂಕಾನ್ಸೆನ್ ಟಿಕೆಟ್ ಅಂದರೆ ಎರಡು ಭಾಗ: ದೂರಕ್ಕೆ ಕೊಡುವ ಮೂಲ ದರದ ಜೋಶಾಕೆನ್, ವೇಗಕ್ಕೂ ಸೀಟಿಗೂ ಕೊಡುವ ತೊಕ್ಯುಕೆನ್. ದೂರ ಹೆಚ್ಚಿದಷ್ಟೂ ಕಿಲೋಮೀಟರಿನ ಮೂಲ ದರ ಇಳಿಯುತ್ತದೆ. ಹಾಗಾಗಿ ಕನಾಜಾವಾ ಮೂಲಕ ಟೋಕಿಯೊದಿಂದ ಕ್ಯೋಟೊವರೆಗೆ ಒಂದೇ ಜೋಶಾಕೆನ್ ಕೊಳ್ಳಿ, ತೊಕ್ಯುಕೆನ್ ಮಾತ್ರ ಬೇರೆ ಬೇರೆ. ಎರಡು ತುಂಡು ಮಾಡಿ ಕೊಳ್ಳುವುದಕ್ಕಿಂತ ಇದು ಅಗ್ಗ. ಇಷ್ಟು ದೂರದ ಟಿಕೆಟ್ 5 ದಿನ ಚಾಲ್ತಿಯಲ್ಲಿರುವುದರಿಂದ ಕನಾಜಾವಾದಲ್ಲಿ ಎರಡು ರಾತ್ರಿ ತಂಗಲು ಅಡ್ಡಿಯಿಲ್ಲ. ಇದನ್ನು ಮಿದೊರಿ ನೊ ಮಾದೊಗುಚಿ ಎಂಬ ಹಸಿರು ಬೋರ್ಡಿನ ಕೌಂಟರಿನಲ್ಲಿ ಕೇಳಿ. ದಿನಾಂಕ, ರೈಲು, "ಕನಾಜಾವಾದಲ್ಲಿ ಇಳಿಯುತ್ತೇವೆ" ಅನ್ನುವುದನ್ನು ಚೀಟಿಯಲ್ಲಿ ಬರೆದು ತೋರಿಸಿದರೆ ಕೆಲಸ ಸಲೀಸು.

2024ರ ಮಾರ್ಚ್ 16ರಿಂದ ಶಿಂಕಾನ್ಸೆನ್ ಕನಾಜಾವಾದಿಂದ ಮುಂದೆ ತ್ಸುರುಗಾ ಊರಿನವರೆಗೆ ಬಂದಿದೆ, ಕನಾಜಾವಾ-ಕ್ಯೋಟೊ ನೇರ ಥಂಡರ್‌ಬರ್ಡ್ ರೈಲು ಈಗ ಇಲ್ಲ, ತ್ಸುರುಗಾದಲ್ಲಿ ಬದಲಿಸಬೇಕು. ಹಳೇ ಬ್ಲಾಗುಗಳನ್ನು ನಂಬಬೇಡಿ. ತ್ಸುರುಗಾದಲ್ಲಿ ಶಿಂಕಾನ್ಸೆನ್ ಮೇಲಿನ ಮಹಡಿಯಲ್ಲಿ ನಿಲ್ಲುತ್ತದೆ, ಥಂಡರ್‌ಬರ್ಡ್ ನೆಲಮಹಡಿಯಲ್ಲಿ. ಕೆಲವು ಜೋಡಣೆಗೆ ಸಿಗುವುದು 8 ನಿಮಿಷ ಅಷ್ಟೇ. ಹಿರಿಯರಿಗೆ ಲಿಫ್ಟ್ ಬೇಕಿದ್ದರೆ ಒಂದು ಥಂಡರ್‌ಬರ್ಡ್ ಬಿಟ್ಟು ಮುಂದಿನದಕ್ಕೆ ಸೀಟು ಮಾಡಿಸಿ. ಟೋಕಿಯೊ-ಕನಾಜಾವಾ ಶಿಂಕಾನ್ಸೆನ್ ಆದ ಕಾಗಾಯಾಕಿ, ಥಂಡರ್‌ಬರ್ಡ್ ಎರಡರಲ್ಲೂ ರಿಸರ್ವೇಶನ್ ಇಲ್ಲದ ಬೋಗಿ ಇಲ್ಲ.

ನವೆಂಬರ್ 3 ಸರ್ಕಾರಿ ರಜೆ. ನಿಮ್ಮ ಪ್ರಯಾಣ ಅದರ ಅಕ್ಕಪಕ್ಕ ಬಿದ್ದರೆ ಒಂದೇ ಜೋಶಾಕೆನ್‌ನ ಉಳಿತಾಯದ ಆಸೆ ಬಿಟ್ಟು ಆನ್‌ಲೈನ್‌ನಲ್ಲೇ ಮುಂಗಡ ಮಾಡಿ. ಒಂದು ತಿಂಗಳ ಮುಂಚೆ ಜಪಾನಿನ ಬೆಳಿಗ್ಗೆ 10ಕ್ಕೆ, ಅಂದರೆ ನಮ್ಮ 6:30ಕ್ಕೆ, ಸೀಟು ತೆರೆಯುತ್ತದೆ. ಸ್ಮಾರ್ಟ್‌ಇಎಕ್ಸ್ ಆ್ಯಪಿನಲ್ಲಿ ಹುಡುಕಬೇಡಿ, ಟೋಕಿಯೊ-ಕನಾಜಾವಾ-ತ್ಸುರುಗಾದ ಹೊಕುರಿಕು ಮಾರ್ಗ ಅದರಲ್ಲಿ ಬರುವುದಿಲ್ಲ. ಬ್ಯಾಂಕ್ ಆ್ಯಪಿನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟನ್ನು ಮೊದಲೇ ಆನ್ ಮಾಡಿ.

ತಿರುಗಾಟ
ತುಂಬಾ ಉಪಕಾರ. ಹಾಗಾದರೆ ನಾಲ್ಕು ದೊಡ್ಡ ಸೂಟ್‌ಕೇಸ್ ಎತ್ತಿಕೊಂಡು ತ್ಸುರುಗಾದಲ್ಲಿ ಓಡುವುದು ಹೇಗೆ?

ಹಳಿಯ ಹಾದಿ
ಎತ್ತಿಕೊಂಡು ಹೋಗಲೇಬೇಡಿ. ಟೋಕಿಯೊ ಹೋಟೆಲಿನ ಕೌಂಟರಿನಲ್ಲಿ ತಕ್ಕ್ಯುಬಿನ್ ಎಂಬ ಕೊರಿಯರ್ ಸೇವೆಯ ಫಾರ್ಮ್ ತುಂಬಿ ಪೆಟ್ಟಿಗೆಗಳನ್ನು ನೇರ ಕ್ಯೋಟೊ ಹೋಟೆಲಿಗೆ ಕಳಿಸಿ. ತಲುಪಬೇಕಾದ ದಿನವನ್ನು ನೀವು ಕ್ಯೋಟೊಗೆ ಚೆಕ್-ಇನ್ ಆಗುವ ದಿನಕ್ಕೇ ಹಾಕಿ, ಬುಕಿಂಗ್ ಯಾರ ಹೆಸರಿನಲ್ಲಿದೆಯೋ ಅದೇ ಹೆಸರು ಬರೆಯಿರಿ. ಹೆಸರು ಬೇರೆಯಾದರೆ ಹೋಟೆಲಿನವರು ಪೆಟ್ಟಿಗೆ ತೆಗೆದುಕೊಳ್ಳದೇ ಇರಬಹುದು. ಗಾತ್ರದ ಮೇಲೆ ಪೆಟ್ಟಿಗೆಗೆ 2,000-3,000 ಯೆನ್. ಕನಾಜಾವಾಗೆ ಎರಡು ದಿನದ ಬಟ್ಟೆ, ಔಷಧಿ, ಪಾಸ್‌ಪೋರ್ಟ್ ಇರುವ ಕೈಚೀಲ ಸಾಕು.

ಟೋಕಿಯೊದಲ್ಲಿ ಉಯೆನೊ ಕಡೆ ಉಳಿದರೆ ಒಳ್ಳೆಯದು. ನರಿಟಾದ ಸ್ಕೈಲೈನರ್ ರೈಲು ಅಲ್ಲಿಗೇ ಬರುತ್ತದೆ, ಹೆಚ್ಚಿನ ಕಾಗಾಯಾಕಿಗಳೂ ಅಲ್ಲಿ ನಿಲ್ಲುತ್ತವೆ. ಆದರೆ ಶಿಂಕಾನ್ಸೆನ್ ಪ್ಲಾಟ್‌ಫಾರ್ಮ್ ನೆಲದಡಿ ತುಂಬಾ ಆಳದಲ್ಲಿದೆ, ಗೇಟಿನಿಂದ ಇಳಿಯಲು ಕಾಲು ಗಂಟೆ ಇಟ್ಟುಕೊಳ್ಳಿ.

ಊರೊಳಗಿನ ಓಡಾಟಕ್ಕೆ ತಲೆಗೊಂದು ಸುಯಿಕಾ ಎಂಬ ಪ್ರಿಪೇಯ್ಡ್ ಪ್ರಯಾಣ ಕಾರ್ಡ್, ಇಬ್ಬರಿಗೆ ಒಂದು ನಡೆಯುವುದಿಲ್ಲ. ಐಫೋನಿನಲ್ಲಿ ಸುಯಿಕಾ ಹಾಕಿಕೊಳ್ಳಬಹುದು. ಇಲ್ಲಿ ಕೊಂಡ ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ, ಅವರಿಗೆ ಏರ್‌ಪೋರ್ಟಿನಲ್ಲೇ 28 ದಿನದ ವೆಲ್‌ಕಮ್ ಸುಯಿಕಾ ಕೊಳ್ಳಿ.