ಪದಚರ್ಚೆ: ತೋಟದೊಳಗಿನ ಸಣ್ಣ ಮಣ್ಣಿನ ಡ್ಯಾಂಗೆ ಪದ ಬೇಕು (ಸಂಜೆ ಮುದ್ರಣಕ್ಕೆ ಹೋಗಬೇಕು)

ಗೆಳೆಯರೇ,
ಹುಣಸೂರು ಕಡೆಯ ತೋಟದ ಮಾಲೀಕರಿಗಾಗಿ ಸುರಕ್ಷತಾ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಳ್ಳಕ್ಕೆ ಅಡ್ಡಲಾಗಿ ಮಾಲೀಕರೇ ಮಣ್ಣು ಹಾಕಿಸಿ ಕಟ್ಟಿಸಿಕೊಂಡ ಸಣ್ಣ ಡ್ಯಾಂಗಳ ವಿಷಯ. ‘ಖಾಸಗಿ ಮಣ್ಣಿನ ಅಣೆಕಟ್ಟು’ ಎಂದು ಬರೆದರೆ ಓದುವವರಿಗೆ ಕನ್ನಂಬಾಡಿ ನೆನಪಾಗಿ, ಇದು ತಮಗಲ್ಲ ಎಂದುಕೊಳ್ಳುತ್ತಾರೆ. ‘ಪೈಪಿಂಗ್’ (ನೀರು ಮಣ್ಣಿನೊಳಗೆ ದಾರಿ ಕೊರೆದು ಹರಿಯುವುದು), ‘ಫ್ರೀಬೋರ್ಡ್’ (ತುಂಬಿದ ನೀರಿನ ಮೇಲೆ ಉಳಿಯುವ ಎತ್ತರ) ಇವಕ್ಕೂ ಪದ ಬೇಕು.

ಮರು:
ಏರಿ. ಬೇರೆ ಹುಡುಕಬೇಡಿ. ‘ಏರು’ ಧಾತು, ಮಣ್ಣನ್ನು ಏರಿಸಿ ಕಟ್ಟಿದ್ದು ಏರಿ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ, ನಮ್ಮಲ್ಲಿ ಅದರ ದಿಬ್ಬ. ಏರಿ, ತೂಬು (ನೀರು ಬಿಡುವ ಕಿಂಡಿ), ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ) ಇರುವಾಗ ‘ಬಂಡ್’ ಎಂದು ಬರೆಯುವುದು ನಾಚಿಕೆಗೇಡು. ಅದು ಪಾರಸಿಯ ‘ಬಂದ್’, ಇಂಗ್ಲಿಷನ್ನು ಸುತ್ತಿಕೊಂಡು ಬಂದದ್ದು. ‘ಖಾಸಗಿ’ಯನ್ನೂ ತೆಗೆಯಿರಿ, ಅದೂ ಹೊರಗಿನದು. ಪೈಪಿಂಗ್‌ಗೆ ‘ಕೊಳವೆ ಕೊರೆತ’, ಫ್ರೀಬೋರ್ಡ್‌ಗೆ ‘ಬಿಡುವೆತ್ತರ’.

ಮರು: ಮರು: (ಮಂಡ್ಯದಿಂದ)
ಏರಿ ಸರಿ. ಉಳಿದದ್ದು ಒಪ್ಪತಕ್ಕದ್ದಲ್ಲ. ‘ರೈತ’ನೂ ಅರಬ್ಬಿಯಿಂದ ಬಂದವನೇ, ಅವನನ್ನೂ ಫಲಕದಿಂದ ಹೊರಹಾಕುತ್ತೀರಾ?

‘ಅಣೆಕಟ್ಟು’ ಬೇಡ ಎನ್ನಲು ಬೇರೆಯೇ ಕಾರಣವಿದೆ. ಅಣೆ ಎಂದರೆ ಹೊಳೆಗೆ ಅಡ್ಡ ಹಾಕಿ ನೀರನ್ನು ನಾಲೆಗೆ ತಿರುಗಿಸುವ ಕಲ್ಲಿನ ಕಟ್ಟಣೆ. ಹೆಚ್ಚಾದ ನೀರು ಅದರ ಮೇಲೆಯೇ ಹರಿದುಹೋಗುತ್ತದೆ. ಕಾವೇರಿಯ ಬಲಮುರಿ ಅಣೆಯ ಬಳಿ ನಿಂತು ನೋಡಿ. ಮಣ್ಣಿನ ಏರಿಯ ತಲೆಯ ಮೇಲೆ ನೀರು ಹತ್ತಿದರೆ ಏರಿ ಉಳಿಯುವುದು ಕಷ್ಟ. ಅದಕ್ಕಾಗಿಯೇ ಕೋಡಿ ಇರುವುದು. ಕೋಡಿಗೆ ಬಲೆ ಕಟ್ಟಿ ಮೀನು ಸಾಕುವವರಿಗೆ, ಅಲ್ಲಿ ಮರಳಿನ ಚೀಲ ಪೇರಿಸಿ ಇನ್ನೊಂದು ಅಡಿ ನೀರು ನಿಲ್ಲಿಸುವವರಿಗೆ ಮೊದಲು ಇದು ತಿಳಿಯಬೇಕು.

‘ಕೊಳವೆ ಕೊರೆತ’ ಓದಿದವನು ಕೊಳವೆಬಾವಿ ಎಂದುಕೊಳ್ಳುತ್ತಾನೆ. ಪದವೇ ಬೇಡ, ಕಾಣುವುದನ್ನು ಬರೆಯಿರಿ. ಏರಿಯ ಹಿಂಬದಿಯ, ಅಂದರೆ ನೀರು ನಿಲ್ಲದ ಕಡೆಯ, ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟಿರಬೇಕು. ಅದು ಕದಡಿಕೊಂಡು ಬಂದರೆ ಏರಿಯೊಳಗಿನ ಮಣ್ಣೇ ಕೊಚ್ಚಿ ಹೊರಬರುತ್ತಿದೆ ಎಂದರ್ಥ. ಹೆಗ್ಗಣದ ಬಿಲ, ಕಡಿದ ಮರದ ಬೇರು ಕೊಳೆತ ಜಾಗ, ತೂಬಿನ ಪೈಪಿನ ಸುತ್ತ ಸರಿಯಾಗಿ ದಮ್ಮಸು ಮಾಡದ ಮಣ್ಣು, ನೀರು ದಾರಿ ಹಿಡಿಯುವುದು ಇಲ್ಲೆಲ್ಲ.

ಮರು:
ಪದ ಕೇಳಿದರೆ ಪದ ಕೊಡಬೇಕು, ಪ್ಯಾರಾ ಅಲ್ಲ. ಹೊಸ ಪದ ಟಂಕಿಸದ ಭಾಷೆ ಎರವಲಿನಲ್ಲೇ ಬದುಕಬೇಕಾಗುತ್ತದೆ.

ಮರು: ಮರು: (ಮಂಡ್ಯದಿಂದ)
ಟಂಕಿಸಿ, ಪಠ್ಯಪುಸ್ತಕದಲ್ಲಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತುಗಳೊಂದಿಗೆ 10ರಿಂದ 15 ಮೀಟರಿನವಕ್ಕೆ. ತೋಟದ ಏರಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಕಾಯ್ದೆಯ ತಪಾಸಣೆ ಇಲ್ಲದ ಕಡೆ ಮಾಲೀಕನೇ ನೋಡಬೇಕು, ಕೆಳಗೆ ಮನೆಗಳಿದ್ದರಂತೂ ತಪ್ಪದೆ ನೋಡಬೇಕು. ಅವನಿಗೆ ಅರ್ಥವಾಗದ ಪದ ಅಲ್ಲಿ ಅಪಾಯ.

ಮರು: (ಪ್ರಶ್ನೆ ಕೇಳಿದವಳು)
ಇಬ್ಬರಿಗೂ ವಂದನೆ. ‘ನಿಮ್ಮ ಕಟ್ಟೆಯ ಏರಿ’ ಎಂದು ಶೀರ್ಷಿಕೆ ಕೊಟ್ಟಿದ್ದೇನೆ. ‘ನಿಮ್ಮ’ ಎಂದಮೇಲೆ ‘ಖಾಸಗಿ’ ಬೇಕಾಗಲಿಲ್ಲ. ಪೈಪಿಂಗ್‌ಗೆ ‘ಬುಡದಲ್ಲಿ ಕದಡಿದ ನೀರು ಬಂದರೆ ತೂಬು ತೆಗೆದು ಕಟ್ಟೆಯ ನೀರು ಇಳಿಸಿ, ಕೆಳಗಿನವರಿಗೆ ತಿಳಿಸಿ, ಎಂಜಿನಿಯರನ್ನು ಕರೆಸಿ’. ಫ್ರೀಬೋರ್ಡ್ ಇರುವಲ್ಲಿ ಚಿತ್ರ ಹಾಕಿ, ‘ತುಂಬಿದ ನೀರಿಗೂ ಏರಿಯ ತಲೆಗೂ ನಡುವಿನ ಎತ್ತರ’ ಎಂದು ಬರೆದಿದ್ದೇನೆ. ‘ಬಿಡುವೆತ್ತರ’ವನ್ನು ಕೈಪಿಡಿಯ ಪದಪಟ್ಟಿಗೆ ಸೇರಿಸುತ್ತೇನೆ.