ಸಹಾಯ ಬೇಕು: ಮನೆಯ ಹೊರಗೋಡೆ ಪೂರ್ತಿ ಕಪ್ಪಾಗಿದೆ

ನಮಸ್ಕಾರ. ಗೋವಾದಲ್ಲಿ ಸ್ವಂತ ಮನೆ ಇರುವವರು ಸ್ವಲ್ಪ ದಾರಿ ತೋರಿಸಿ.

ಫೋಂಡಾ ಹತ್ತಿರ ನಮ್ಮದು ಚಿರೇಕಲ್ಲಿನ ಹಳೇ ಮನೆ, ಮೇಲೆ ಗಿಲಾವು ಮಾಡಿ ಬಣ್ಣ ಹೊಡೆಸಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಡಿದೂ ಬಡಿದೂ ಹಿಂದಿನ ಗೋಡೆ ಕಪ್ಪಾಗಿದೆ. ಅಲ್ಲಿ ಹಲಸಿನ ಮರದ ನೆರಳು, ಬಿಸಿಲೇ ಬೀಳುವುದಿಲ್ಲ. ಸಜ್ಜಾ ಕೆಳಗೆ ಬೆರಳಾಡಿಸಿದರೆ ಕಾಡಿಗೆ ಹಾಗೆ ಅಂಟುತ್ತದೆ. ಬುಡದಲ್ಲಿ ಹಸಿರು ಪಾಚಿ ಬೇರೆ. ಹೋದ ವರ್ಷ ಪೇಂಟರ್ ತೊಳೆಯದೇ ಸುಮ್ನೆ ಮೇಲೊಂದು ಕೋಟ್ ಹೊಡೆದು ಹೋದ. ಮುಂದಿನ ಮಳೆಗೆ ಬೂಷ್ಟು ವಾಪಸ್!

ಈ ಸಲ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಲಸಿ, ತಿಳಿ ತೆಗೆದು, ಒಂದು ಮೂಲೆಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿದೆ. ಕಪ್ಪು ಹೋಯಿತು, ಬಣ್ಣವೂ ಸ್ವಲ್ಪ ಮಂಕಾಯಿತು. ಪಕ್ಕದ ಮನೆಯವರು ಆಸಿಡ್ ಬೆರೆಸಿ ಅಂದರು. ಅವೆರಡು ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಅದಂತೂ ಬೇಡವೇ ಬೇಡ.

ಪ್ರೆಶರ್ ವಾಷರ್ ಬಾಡಿಗೆಗೆ ತಂದರೆ ಹಳೇ ಗಿಲಾವು ಕಿತ್ತು ಬರುತ್ತಾ? ತೊಳೆದು ಎಷ್ಟು ದಿನ ಒಣಗಿಸಿ ಪ್ರೈಮರ್ ಹೊಡೆಯಬೇಕು? ಕೊಂಬೆ ಕಡಿಸದೇ ಆಗುತ್ತಾ? ಅಮ್ಮನಿಗೆ ಆ ಹಲಸು ಅಂದರೆ ಪ್ರಾಣ. ಕನ್ನಡ ಬರುವ ಪೇಂಟರ್ ಗೊತ್ತಿದ್ದರೆ ಇನ್ನೂ ಒಳ್ಳೆಯದು, ನನ್ನ ಕೊಂಕಣಿ ಅಷ್ಟಕ್ಕಷ್ಟೇ.