ಸಹಾಯ ಬೇಕು: ಮಗು ಅತ್ತರೆ ತಡೆಯಲಾಗುತ್ತಿಲ್ಲ

ನಮಸ್ಕಾರ. ನಾವು ಮಡಿಕೇರಿ ಹತ್ತಿರದವರು. ತಂಗಿ ಬಾಣಂತನಕ್ಕೆ ಬಂದಿದ್ದಾಳೆ, ಮಗುವಿಗೆ ಎರಡು ತಿಂಗಳು. ಮುದ್ದು ಮಗು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಅಳಲು ಶುರು ಮಾಡಿದರೆ ನನಗೆ ಎದೆ ಡವಡವ, ಸುಮ್ನೆ ಸಿಟ್ಟು. ಈ ಮಳೆಯಲ್ಲಿ ಬಾಗಿಲು, ಕಿಟಕಿ ಎಲ್ಲ ಮುಚ್ಚಿರುತ್ತವೆ. ನಿನ್ನೆ ಕೊಡೆ ಹಿಡಿದು ಕಾಫಿ ತೋಟದಲ್ಲಿ ಅರ್ಧ ಗಂಟೆ ನಿಂತಿದ್ದೆ. ಜಿಗಣೆ ಕಚ್ಚಿದ್ದೇ ಲಾಭ!

ನಮ್ಮ ಕಿವಿ 2,000ರಿಂದ 5,000 ಹರ್ಟ್ಸ್ ಸದ್ದಿಗೆ ಜಾಸ್ತಿ ಸೂಕ್ಷ್ಮ, ಮಗುವಿನ ಚೀರಾಟದ ಚೂಪು ಅಲ್ಲೂ ಇರುತ್ತದೆ ಎಂದು ಓದಿದೆ. ಕೆಲವರಿಗೆ ಮಿಸೊಫೋನಿಯಾ, ಅಂದರೆ ಕೆಲವು ನಿರ್ದಿಷ್ಟ ಸದ್ದು ಕೇಳಿದರೆ ತಡೆಯಲಾಗದಷ್ಟು ಸಿಟ್ಟು, ಕಿರಿಕಿರಿ ಆಗುವ ತೊಂದರೆ ಇರುತ್ತದಂತೆ. ಆದರೆ ಮರ ಕೊಯ್ಯುವ ಮಿಷಿನ್ ಸದ್ದು ನನಗೆ ಏನೂ ಅನ್ನಿಸುವುದಿಲ್ಲ, ವಿಚಿತ್ರ ಅಲ್ವಾ?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತೋರಿಸಿದವರು ಇದ್ದೀರಾ? ಅಥವಾ ಮೊದಲು ಮನೋವೈದ್ಯರ ಹತ್ತಿರ ಹೋಗಬೇಕಾ? ತಂಗಿಗೆ ಗೊತ್ತಾಗದ ಹಾಗೆ ಹೋಗಿ ಬರಬೇಕು.